ಹದಿನಾಲ್ಕು ಕಿಟಕಿಯ ಮನೆ

ನಾನು ಬೆಳೆದ ಮನೆಗೆ ಹದಿನಾಲ್ಕು ಕಿಟಕಿ, ಎರಡು ಬಾಗಿಲು ಮತ್ತು ಒಂದು ಸ್ಟೇರಿಂಗ್ ಇತ್ತು. ಗೋವಾದ ಉಸಗಾಂವದ ಒಂದು ಗ್ಯಾರೇಜಿನ ಹಿತ್ತಲಲ್ಲಿ, ಹಲಸಿನ ಮರದ ಕೆಳಗೆ, ಗಾಲಿ ಕಳಚಿ ಕಲ್ಲುಗಳ ಮೇಲೆ ಕೂರಿಸಿದ್ದ ಹಳೆಯ ಬಸ್ಸು ಅದು. ಒಂದು ಕಾಲಕ್ಕೆ ಗಣಿಯ ಕೆಲಸಗಾರರನ್ನು ಹೊತ್ತು ಓಡಾಡಿತ್ತಂತೆ. ಎಂಜಿನ್ನನ್ನು ಬೇರೆ ಗಾಡಿಗೆ ಹಾಕಿದ ಮೇಲೆ ಮೈ ಮಾತ್ರ ಉಳಿದು, ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಅಪ್ಪ ಆ ಗ್ಯಾರೇಜಿನಲ್ಲಿ ಗಾಡಿ ತೊಳೆಯುವ, ಗ್ರೀಸು ಹಚ್ಚುವ ಕೆಲಸಕ್ಕೆ ಸೇರಿದಾಗ ಯಜಮಾನರಾದ ಕಾಯ್ತಾನ್ ಬಸ್ಸನ್ನು ತೋರಿಸಿ, ಕೋಳಿ ಓಡಿಸಿ ಇರುವುದಾದರೆ ಇರಿ ಎಂದಿದ್ದರು. ಅದಕ್ಕೂ ಮುಂಚೆ ನಾವು ಚಿಂಬಲ್‌ನಲ್ಲಿ ಇನ್ನೆರಡು ಸಂಸಾರಗಳ ಜೊತೆ ಒಂದೇ ತಗಡಿನ ಕೋಣೆಯಲ್ಲಿದ್ದೆವು; ಅವ್ವ ಪರ್ವರಿಯ ಕಟ್ಟಡಗಳಲ್ಲಿ ಗೌಂಡಿಗಳ ಕೈಕೆಳಗೆ ಇಟ್ಟಿಗೆ ಹೊರುತ್ತಿದ್ದಳು. ಹಾಗಾಗಿ ಬಸ್ಸಿನೊಳಗೆ ಮೊದಲ ಸಲ ಕಾಲಿಟ್ಟಾಗ ಅವ್ವ ಈ ತುದಿಯಿಂದ ಆ ತುದಿಯವರೆಗೆ ನಡೆದಳು, ತಿರುಗಿ ಮತ್ತೆ ನಡೆದಳು, ಆಮೇಲೆ ಇಷ್ಟೂ ನಮಗೇನಾ ಎಂದು ಅಪ್ಪನನ್ನು ಕೇಳಿದಳು. ಆಯಿ, ಅಂದರೆ ಅಪ್ಪನ ತಾಯಿ, ಬಾಗಿಲ ಮೆಟ್ಟಿಲ ಮೇಲೆ ನಿಂತು, ಇದು ಮನೆಯಲ್ಲ ಡಬ್ಬಿ, ಡಬ್ಬಿಯಲ್ಲಿ ಇರಲು ನಾನೇನು ಬಿಸ್ಕೀಟೇ ಎಂದಳು. ಅಂದು ಶುರುವಾದ ಅತ್ತೆ ಸೊಸೆಯ ವಾದ ಮುಂದೆ ಎರಡು ವರ್ಷ ನಡೆಯಿತು.

ಡಬ್ಬಿಯೊಳಗೆ ನಮಗೆ ಎಲ್ಲವೂ ಇತ್ತು. ಹಿಂದಿನ ಉದ್ದನೆಯ ಸೀಟು ಆಯಿಯ ಹಾಸಿಗೆ. ಉಳಿದ ಸೀಟುಗಳು ಇರಲಿಲ್ಲ, ಅವುಗಳ ಬೋಲ್ಟಿನ ತೂತುಗಳು ಮಾತ್ರ ನೆಲದಲ್ಲಿದ್ದವು. ತಲೆಯ ಮೇಲೆ ಸಾಮಾನು ಇಡುವ ಜಾಲರಿಯಲ್ಲಿ ಪಾತ್ರೆ, ಹಿಟ್ಟಿನ ಡಬ್ಬ, ಕೌದಿ. ಡ್ರೈವರನ ಪಕ್ಕ ಎಂಜಿನ್ನಿಗೆಂದು ಉಬ್ಬಿದ್ದ ತಗಡಿನ ಮುಚ್ಚಳದ ಮೇಲೆ ಹಲಗೆ ಇಟ್ಟು ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಒಳಗೆ ಟೊಳ್ಳಾಗಿದ್ದರಿಂದ ಒಂದೊಂದು ಪೆಟ್ಟಿಗೂ ಇಡೀ ಬಸ್ಸು ಡೋಲಿನ ಹಾಗೆ ಬಾರಿಸುತ್ತಿತ್ತು. ನಮ್ಮ ಮನೆಯಲ್ಲಿ ಎಷ್ಟು ರೊಟ್ಟಿ ಆಯಿತೆಂದು ಉಸಗಾಂವಕ್ಕೆಲ್ಲ ಗೊತ್ತಾಗುತ್ತದೆ ಎಂದು ಆಯಿ ನಾಚಿಕೊಳ್ಳುತ್ತಿದ್ದಳು. ಒಲೆ ಮಾತ್ರ ಹೊರಗೆ, ತಾಡಪತ್ರೆಯ ಕೆಳಗೆ. ಪ್ರತಿ ಸೋಮವಾರ ಆಯಿ ಸ್ಟೇರಿಂಗಿಗೆ ವಿಭೂತಿ ಹಚ್ಚಿ, ಹಾರ್ನಿನ ಗುಂಡಿಗೆ ಕುಂಕುಮ ಇಟ್ಟು, ದೀಪ ಬೆಳಗುತ್ತಿದ್ದಳು. ಓಡದ ಬಸ್ಸಿಗೆ ಯಾತರ ಪೂಜೆ ಎಂದು ಅಪ್ಪ ಕೇಳಿದರೆ, ಓಡಾಡುವುದನ್ನು ಮಾತ್ರ ಪೂಜಿಸಬೇಕೆಂದರೆ ದೇವರ ಗತಿ ಏನು ಎಂದು ಅವಳು ಮರುಪ್ರಶ್ನೆ ಹಾಕುತ್ತಿದ್ದಳು. ಹೊರಗಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಬೆಳಗಿನಿಂದ ಸಂಜೆವರೆಗೆ ಸಾಲುಗಟ್ಟಿ ಹೋಗುತ್ತಿದ್ದವು. ಕೆಂಪು ಧೂಳು ಅನ್ನದ ಮೇಲೂ ಕೂರುತ್ತಿತ್ತು. ಆ ರಸ್ತೆಯಲ್ಲಿ ನಡೆದು ಶಾಲೆಗೆ ಹೋಗುವುದು ಬೇಡವೆಂದು ಅವ್ವ ನನ್ನನ್ನು ಮನೆಯಲ್ಲೇ ಇಟ್ಟುಕೊಂಡಿದ್ದಳು. ಊರಿನಲ್ಲಿ ಮೂರನೇ ಇಯತ್ತೆ ಮುಗಿಸಿ ಬಂದ ಒಂಬತ್ತು ವರ್ಷದ ಹುಡುಗಿ ನಾನು. ಗ್ಯಾರೇಜಿನ ಹಳೆಯ ಟೈರುಗಳ ಮೇಲೆ ಬರೆದಿದ್ದ ಅಂಕಿಗಳನ್ನು ಓದುತ್ತ ದಿನ ಕಳೆಯುತ್ತಿದ್ದೆ.

ಈ ಮನೆಗಿದ್ದ ದೊಡ್ಡ ಕೇಡು ಅದರ ಅಂಚುಗಳು. ಕಿಟಕಿಗಳ ಸುತ್ತ ಇರಬೇಕಾದ ರಬ್ಬರು ಬಿಸಿಲಿಗೆ ಒಣಗಿ ಎಂದೋ ಉದುರಿಹೋಗಿತ್ತು. ಉಳಿದಿದ್ದು ಬರಿಯ ತಗಡಿನ ಬಾಯಿ. ಬಾಗಿಲ ಚೌಕಟ್ಟು, ಸಾಮಾನಿನ ಜಾಲರಿ, ಚಕ್ರದ ಮೇಲಿನ ಉಬ್ಬು, ಎಲ್ಲಿ ಕೈಯಿಟ್ಟರೂ ತಗಡು ಕಚ್ಚುತ್ತಿತ್ತು. ನನ್ನ ಎಡ ಮೊಣಕೈಯಲ್ಲಿ ಇಂದಿಗೂ ಎರಡು ಗೆರೆಗಳಿವೆ. ಅವ್ವ ಹರಿದ ಸೀರೆಯ ಚೂರುಗಳನ್ನು ಸುತ್ತಿ ನೋಡಿದ್ದಳು. ಬಟ್ಟೆಯನ್ನೂ ಅದು ತಿಂದುಹಾಕಿತು. ಒಂದು ಮಳೆಗಾಲದ ಬೆಳಿಗ್ಗೆ ಆಯಿ ಬಾಯಿ ಮುಕ್ಕಳಿಸಿ ನೀರು ಉಗಿಯಲು ಕಿಟಕಿಯಿಂದ ಹೊರಗೆ ಬಾಗಿದವಳು ಕಾಲು ಜಾರಿ, ಮುಂಗೈ ಉದ್ದಕ್ಕೂ ಸೀಳಿಕೊಂಡಳು. ನಾಲ್ಕೇ ದಿನದಲ್ಲಿ ಗಾಯ ಕೀವಾಯಿತು, ಜ್ವರ ಬಂತು. ಆಸ್ಪತ್ರೆಯಲ್ಲಿ ಒಂದು ವಾರ ಮಲಗಿ, ಭುಜದವರೆಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಆಯಿ ಬಸ್ಸಿನ ಮೆಟ್ಟಿಲ ಹತ್ತಿರ ನಿಂತು ಒಳಗೆ ಬರಲು ಒಪ್ಪಲಿಲ್ಲ. ಅವಳ ಮುಖದಲ್ಲಿ ಆ ದಿನ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅವ್ವ ಅದನ್ನು ನೋಡಿದಳು. ಗ್ಯಾರೇಜಿನ ಹಿಂದಿದ್ದ ಗುಜರಿಯ ರಾಶಿಗೆ ಹೋಗಿ, ಗಾಡಿ ತೊಳೆದು ತೊಳೆದು ಸವೆದ ಕಪ್ಪು ರಬ್ಬರ್ ಪೈಪಿನ ಒಂದು ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಪೈಪನ್ನು ಉದ್ದಕ್ಕೆ ಸೀಳಿದರೆ ಅದು ಬಾಯಿ ತೆರೆದು ತಗಡಿನ ಅಂಚನ್ನು ಕಚ್ಚಿಕೊಳ್ಳುತ್ತದೆ, ಕಚ್ಚುವ ತಗಡಿಗೆ ನಾವೇ ಒಂದು ಬಾಯಿ ಕೊಟ್ಟರೆ ಆಯಿತು ಎಂಬುದು ಅವಳ ಲೆಕ್ಕ.

ಹೇಳಿದಷ್ಟು ಸುಲಭವಾಗಿರಲಿಲ್ಲ. ರಬ್ಬರ್ ಪೈಪನ್ನು ಅಡ್ಡಡ್ಡ ಯಾರು ಬೇಕಾದರೂ ಕತ್ತರಿಸಬಹುದು, ಉದ್ದಕ್ಕೆ ನೆಟ್ಟಗೆ ಸೀಳುವುದು ಬೇರೆಯೇ ಕೆಲಸ. ಎಷ್ಟೋ ವರ್ಷ ಸುರುಳಿಯಾಗಿ ಬಿದ್ದಿದ್ದ ಪೈಪಿಗೆ ಸುತ್ತಿಕೊಳ್ಳುವ ಚಟ ಬಂದಿರುತ್ತದೆ. ಚಾಕು ಇಟ್ಟು ಒಂದು ಮೊಳ ಹೋಗುವಷ್ಟರಲ್ಲಿ ಅದು ಕೈಯಲ್ಲೇ ಹೊರಳುತ್ತದೆ; ಮೇಲೆ ಶುರುವಾದ ಸೀಳು ಪಕ್ಕಕ್ಕೆ ಬಂದು, ಇನ್ನೊಂದು ಮೊಳಕ್ಕೆ ಕೆಳಗೆ ಹೋಗಿರುತ್ತದೆ. ಹಾಗೆ ಸೀಳಿದ ಪೈಪನ್ನು ಕಿಟಕಿಗೆ ಸಿಕ್ಕಿಸಿದರೆ ತಿರುಚಿಕೊಂಡು ಕಳಚಿ ಬೀಳುತ್ತದೆ. ಅಪ್ಪನ ಹ್ಯಾಕ್‌ಸಾ ಬ್ಲೇಡಿಗೆ ರಬ್ಬರು ಚಿಂದಿಯಾಯಿತು. ಮನೆಯ ಚಾಕು ರಬ್ಬರಿನಲ್ಲಿ ಸಿಕ್ಕಿಕೊಂಡು, ಜಗ್ಗಿದಾಗ ಜಿಗಿದು ಅವ್ವನ ಹೆಬ್ಬೆರಳಿಗೆ ತಗುಲಿತು. ಗ್ಯಾರೇಜಿನ ತಗಡು ಕೆಲಸದ ದತ್ತು, ಈ ಹೆಂಗಸು ಹಾವು ಸುಲಿಯುತ್ತಿದ್ದಾಳೆ ನೋಡಿ ಎಂದು ಎಲ್ಲರನ್ನೂ ಕರೆದು ತೋರಿಸಿದ. ಅಪ್ಪನಿಗೆ ಅವಮಾನವಾಯಿತು. ಸುಮ್ಮನೆ ಬಿಡು, ನಗೆಪಾಟಲು ಮಾಡಬೇಡ ಎಂದು ಗೊಣಗಿದ. ಅವ್ವ ಹೆಬ್ಬೆರಳಿಗೆ ಅರಿಶಿನ ಹಚ್ಚಿಕೊಂಡು ಅಡುಗೆಗೆ ಎದ್ದಳು.

ಅವತ್ತು ಪಡವಲಕಾಯಿ ಪಲ್ಯ. ಅವ್ವನ ಕೈಗೆ ಗಾಯವಾದದ್ದರಿಂದ ಹೆಚ್ಚುವ ಕೆಲಸ ನನಗೆ ಬಂತು. ನಾನು ಈಳಿಗೆಯ ಮಣೆಯ ಮೇಲೆ ಕಾಲಿಡದೆ, ಕಾಯಿಯನ್ನು ನೆಲದ ಮೇಲಿಟ್ಟು, ಈಳಿಗೆಯನ್ನೇ ಎತ್ತಿ ಅತ್ತ ಇತ್ತ ಸರಿಸುತ್ತಿದ್ದೆ. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹಲಸಿನ ಬುಡದಲ್ಲಿ ಕೂತಿದ್ದ ಆಯಿಗೆ ಸಹನೆ ತಪ್ಪಿತು.

"ಏ ಗಂಗಿ, ಈಳಿಗಿ ಎಲ್ಲೆರ ಕಾಯಿಪಲ್ಯಾದ ಬೆನ್ನ ಹತ್ತಿ ಓಡ್ಯಾಡತೈತೇನ? ಅದನ್ನ ಕಾಲಾಗ ಮೆಟ್ಟಿ ಒಂದ ಕಡಿ ಕೂಡಸು. ಕಾಯಿಪಲ್ಯಾನ ಅದರ ಕಡಿ ಬರಬೇಕು."

ಸೌದೆ ಊದುತ್ತಿದ್ದ ಅವ್ವ ಊದುಗೊಳವೆಯನ್ನು ಕೆಳಗಿಟ್ಟಳು. ನನ್ನನ್ನು ಎಬ್ಬಿಸಿ ತಾನು ಕೂತಳು. ಮಣೆಯನ್ನು ಮೆಟ್ಟಿ, ತೋಳುದ್ದದ ಪಡವಲಕಾಯಿಯನ್ನು ಅಲಗಿಗೆ ಕೊಟ್ಟು ಮುಂದಕ್ಕೆ ತಳ್ಳಿದಳು. ಟೊಳ್ಳು ಕಾಯಿ ತುದಿಯಿಂದ ತುದಿಗೆ ನೆಟ್ಟಗೆ ಎರಡಾಯಿತು. ಅವಳು ಆ ಎರಡು ಹೋಳುಗಳನ್ನು ತುಂಬ ಹೊತ್ತು ನೋಡುತ್ತ ಕೂತಳು. ಆಮೇಲೆ ಎದ್ದು ಹೋಗಿ ಪೈಪು ತಂದಳು. ಅನ್ನ ಸೀದುಹೋಯಿತು. ಆ ದಿನ ಯಾರೂ ಅವಳನ್ನು ಬೈಯಲಿಲ್ಲ.

ಮೊದಲ ಪೈಪು ಪಡವಲಕಾಯಿಯ ಹಾಗೆಯೇ ಎರಡು ಹೋಳಾಗಿಬಿಟ್ಟಿತು. ಅವ್ವನಿಗೆ ಒಂದೇ ಬದಿ ಸೀಳಬೇಕಿತ್ತು. ಅಲಗಿನ ಎರಡೂ ಪಕ್ಕದಲ್ಲಿ ಮರದ ತುಂಡುಗಳನ್ನು ಕಟ್ಟಿ ಎತ್ತರ ಮಾಡಿ, ಅಲಗಿನ ತುದಿ ಮಾತ್ರ ಉಗುರಿನಷ್ಟು ಮೇಲೆ ಕಾಣುವಂತೆ ಬಿಟ್ಟಳು. ಈಗ ಪೈಪು ಮರದ ಮೇಲೆ ಜಾರುತ್ತಿತ್ತು, ಅಲಗು ಅದರ ಕೆಳಗಿನ ಪದರವನ್ನಷ್ಟೇ ಸೀಳುತ್ತಿತ್ತು. ಸಿಕ್ಕಿಕೊಳ್ಳದಿರಲೆಂದು ಸಾಬೂನಿನ ನೀರು ಸವರಿದಳು. ಆದರೂ ಪೈಪು ಹೊರಳುವುದು ನಿಲ್ಲಲಿಲ್ಲ. ಅದಕ್ಕೆ ಪರ್ವರಿಯ ಕಟ್ಟಡಗಳು ನೆರವಾದವು. ಗೌಂಡಿಗಳು ಗೋಡೆಗೆ ನೇರ ಗೆರೆ ಹೊಡೆಯಲು ದಾರಕ್ಕೆ ಬಣ್ಣದ ಪುಡಿ ಸವರಿ, ಎರಡು ತುದಿ ಬಿಗಿದು, ನಡುವೆ ಎಳೆದು ಬಿಡುತ್ತಿದ್ದುದನ್ನು ಅವಳು ದಿನವೂ ನೋಡಿದ್ದಳು. ಮಳೆ ಬಿಡುವು ಕೊಟ್ಟ ಒಂದು ಹಗಲು ಪೈಪನ್ನು ಬಿಸಿಲಿಗೆ ಹಾಕಿ ಮೆತ್ತಗೆ ಮಾಡಿ, ಹಲಸಿನ ಮರಕ್ಕೂ ಬಸ್ಸಿನ ಬಂಪರಿಗೂ ನಡುವೆ ಬಿಗಿಯಾಗಿ ಎಳೆದು ಕಟ್ಟಿದಳು. ಸುಣ್ಣ ಸವರಿದ ದಾರವನ್ನು ಅದರ ಮೇಲೆ ಹಿಡಿದು ಚಿಮ್ಮಿದಳು. ಕರಿಯ ಪೈಪಿನ ಉದ್ದಕ್ಕೂ ಕೂದಲೆಳೆಯಂಥ ಬಿಳಿ ಗೆರೆ ಮೂಡಿತು. ಆ ಗೆರೆ ಯಾವಾಗಲೂ ಅಲಗಿನ ತುದಿಗೆ ಬರುತ್ತಿರಬೇಕು, ಅಷ್ಟೇ. ನೋಡಿಕೊಳ್ಳುವ ಕೆಲಸ ನನ್ನದು. ನಾನು ನೆಲದ ಮೇಲೆ ಬೋರಲು ಮಲಗಿ, ಕಣ್ಣನ್ನು ಅಲಗಿನ ಎತ್ತರಕ್ಕೆ ತಂದು, ಗೆರೆ ಒಂದು ಎಳೆ ಸರಿದರೂ ಎಡಕ್ಕ, ಬಲಕ್ಕ ಎಂದು ಕೂಗಬೇಕು. ಅವ್ವ ಪೈಪನ್ನು ಅಷ್ಟೇ ತಿರುವಿ ಮುಂದೆ ಕೊಡುತ್ತಿದ್ದಳು, ಅಪ್ಪ ಆ ಕಡೆಯಿಂದ ಎಳೆಯುತ್ತಿದ್ದ. ಇಷ್ಟು ವರ್ಷಗಳ ಮೇಲೆ ಈಗ ಪರ್ವರಿಯಲ್ಲಿ ಇದೇ ಕೆಲಸದ ನನ್ನದೇ ಅಂಗಡಿಯಿದೆ. ಹಳೆಯ ಕಾರು, ಜೀಪುಗಳನ್ನು ಹೊಸದು ಮಾಡಿಸುವವರು ದೂರದೂರಿಂದ ಹುಡುಕಿಕೊಂಡು ಬರುತ್ತಾರೆ. ಅಚ್ಚಿನಲ್ಲಿ ಮಾಡಿದ ರಬ್ಬರು ಪೇಟೆಯಲ್ಲಿ ಸಿಗದ ಗಾಡಿಗಳೆಲ್ಲ ನನ್ನ ಹತ್ತಿರವೇ ಬರುವುದು. ಮೊನ್ನೆ ಒಬ್ಬ ಯುವಕ ಮೊಬೈಲಿನಲ್ಲಿ ಯಾರೋ ವಿದೇಶದವನು ಪೈಪು ಸೀಳುವ ವಿಡಿಯೋ ತೋರಿಸಿದ. ಮರದ ತುಂಡಿನಲ್ಲಿ ಅಲಗನ್ನು ನಿಲ್ಲಿಸಿ ಅವನು ಪೈಪನ್ನು ಎಳೆಯುತ್ತಿದ್ದ. ಚಲೋ ಮಾಡ್ತಾನ, ಆದರ ಗೆರಿ ಹೊಡದಿಲ್ಲ ಎಂದು ನಾನು ಹೇಳಿದೆ.

ಹದಿನೈದು ದಿನದಲ್ಲಿ ಬಸ್ಸಿನ ಎಲ್ಲ ಅಂಚುಗಳೂ ಕಪ್ಪು ರಬ್ಬರಿನೊಳಗೆ ಅಡಗಿದವು. ಕಿಟಕಿಯ ಮೂಲೆಗಳಲ್ಲಿ ಪೈಪು ಮಡಚಿ ಬಾಯಿ ಬಿಡುತ್ತಿತ್ತು. ಅವ್ವ ಅದನ್ನು ಸ್ನಾನದ ಹಂಡೆಯ ಕುದಿಯುವ ನೀರಿನಲ್ಲಿ ಮುಳುಗಿಸಿ, ಮೆತ್ತಗಾದ ಕೂಡಲೇ ತಿರುವಿ ಕೂರಿಸುವುದನ್ನು ಕಂಡುಕೊಂಡಳು. ಆಯಿ ಪಟ್ಟಿ ಬಿಚ್ಚಿದ ದಿನ ಒಳಗೆ ಬಂದು, ಒಂದು ಕಿಟಕಿಯ ಮೇಲೆ ಅಂಗೈ ಇಟ್ಟು, ನಿಧಾನಕ್ಕೆ ಸುತ್ತಲೂ ಸವರಿದಳು. ಚಲೋ ಐತಿ ಎನ್ನಲಿಲ್ಲ. ಇನ್ನೊಂದು ಕಿಟಕಿಗೆ ಹೋದಳು. ಹದಿನಾಲ್ಕನ್ನೂ ಸವರಿ ಮುಗಿಸಿ ತನ್ನ ಸೀಟಿನ ಮೇಲೆ ಕಾಲು ಚಾಚಿ ಮಲಗಿದಳು. ಅಂದಿನಿಂದ ಅವಳು ಬಸ್ಸನ್ನು ಡಬ್ಬಿ ಎಂದು ಕರೆದದ್ದು ನಾನು ಕೇಳಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಾಯ್ತಾನ್ ಏನೋ ಹಳೆಯ ಸಾಮಾನು ಹುಡುಕಿಕೊಂಡು ನಮ್ಮ ಬಸ್ಸಿನ ಒಳಗೆ ಬಂದರು. ಅರವತ್ತರ ಹತ್ತಿರದ, ಕಡಿಮೆ ಮಾತಿನ ಮನುಷ್ಯ. ಬಾಗಿಲ ಚೌಕಟ್ಟು ಹಿಡಿದವರು ಅಲ್ಲೇ ನಿಂತರು. ಕನ್ನಡಕ ಹಾಕಿಕೊಂಡು ರಬ್ಬರಿನ ಸೀಳನ್ನು ಬೆರಳಿನಿಂದ ಬಿಡಿಸಿ ನೋಡಿದರು.

"ಹೆಂ ಕೊಣೆಂ ಕೆಲಾಂ?"

ಇದನ್ನು ಯಾರು ಮಾಡಿದ್ದು ಎಂದು ಕೊಂಕಣಿಯಲ್ಲಿ ಕೇಳಿದರು. ಅವ್ವ ತಾನೇ ಎಂದಳು. ಅವರು ತಲೆಯಾಡಿಸಿ ಹೊರಟರು. ಹೋಗುವಾಗ ಬಸ್ಸಿನ ಸುತ್ತ ಎರಡು ಸಲ ನಡೆದರು, ಬಗ್ಗಿ ಚಾಸಿಯನ್ನು ನೋಡಿದರು. ಮೆಚ್ಚಿಕೊಂಡರೆಂದು ನಾವೆಲ್ಲ ಹಿಗ್ಗಿದೆವು. ವಾರದ ಮೇಲೆ ಅಪ್ಪ ಊಟದ ಹೊತ್ತಿಗೆ ಬಂದು, ತಟ್ಟೆಯ ಮುಂದೆ ಕೂತು, ಊಟ ಮಾಡದೆ ಸುದ್ದಿ ಹೇಳಿದ. ಈ ಬಸ್ಸಿಗೆ ಇನ್ನೂ ಜೀವ ಇದೆ ಎಂದು ಯಜಮಾನರಿಗೆ ಅನ್ನಿಸಿದೆ. ಬೇರೆ ಎಂಜಿನ್ ಕೂರಿಸಿ, ಬಣ್ಣ ಬಳಿದು, ಜೂನಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಶಾಲೆಯ ಬಸ್ಸಾಗಿ ಬಿಡುತ್ತಾರೆ. ನಾವು ಬೇರೆ ಕಡೆ ನೋಡಿಕೊಳ್ಳಬೇಕು. ಅಪ್ಪ ಸಾಮಾನ್ಯವಾಗಿ ಅವ್ವನ ಮೇಲೆ ದನಿ ಎತ್ತುವವನಲ್ಲ. ಅಂದೂ ಎತ್ತಲಿಲ್ಲ. ಮೆಲ್ಲಗೆ ಹೇಳಿದ ಮಾತೇ ಅವಳಿಗೆ ಹೆಚ್ಚು ನಾಟಿತು.

"ಹರಕ ಬಸ್ಸು ಹಂಗ ಇದ್ದಿದ್ರ ಯಾರೂ ಕೇಳ್ತಿರಲಿಲ್ಲ. ನಿನ್ನ ಕೈಲಾನ ನಮ್ಮ ಮನಿ ಹೋತು ನೋಡು."

ಆಯಿ ಮಾತ್ರ, ಬಸ್ಸು ಎಲ್ಲಿಗಾದರೂ ಹೋಗಲಿ ನಾನು ಹಿಂದಿನ ಸೀಟಿನಲ್ಲಿ ಮಲಗಿಯೇ ಇರುತ್ತೇನೆ, ಶಾಲೆಯ ಹುಡುಗರು ನನ್ನ ಪಕ್ಕದಲ್ಲಿ ಕೂರಲಿ ಎಂದು ಸಾರಿದಳು. ಯಾರಿಗೂ ನಗು ಬರಲಿಲ್ಲ. ಅವ್ವ ಮೂರು ದಿನ ಪಾತ್ರೆಗಳನ್ನು ಜಾಲರಿಯಿಂದ ಇಳಿಸುವುದು, ಮತ್ತೆ ಏರಿಸುವುದು ಮಾಡಿದಳು. ನಾನು ಅವಳ ಹಿಂದೆ ಮುಂದೆ ಸುಳಿಯುತ್ತ ಅವಳ ಮುಖ ನೋಡುತ್ತಿದ್ದೆ. ಮತ್ತೆ ಚಿಂಬಲ್‌ನ ಆ ಕೋಣೆಗೆ ಹೋಗುವುದೆಂದರೆ ಏನೆಂದು ನನಗೂ ಗೊತ್ತಿತ್ತು. ಅಲ್ಲಿ ನಾವು ನಾಲ್ವರೂ ಒಂದೇ ಮಗ್ಗುಲಿಗೆ ಮಲಗಿ, ಒಬ್ಬರು ಹೊರಳಿದರೆ ಎಲ್ಲರೂ ಹೊರಳಬೇಕಿತ್ತು.

ನಾಲ್ಕನೆಯ ದಿನ ಕಾಯ್ತಾನ್ ಮಡಗಾಂವದಿಂದ ಕಿಟಕಿ ಗಾಜು ಕೂರಿಸುವ ಒಬ್ಬ ಕಾರಾಗೀರನನ್ನು ಕರೆಸಿದರು. ಅವನು ಬಸ್ಸನ್ನು ನೋಡಿ, ಇಷ್ಟು ಹಳೆಯ ಬಸ್ಸಿಗೆ ಬೇಕಾದ ಅಂಚಿನ ರಬ್ಬರು ಈಗ ಎಲ್ಲಿಯೂ ಬರುವುದಿಲ್ಲ, ಚೌಕಟ್ಟುಗಳನ್ನೇ ಕತ್ತರಿಸಿ ಹೊಸದು ಮಾಡಬೇಕು, ಮಳೆಗಾಲ ಕಳೆಯುತ್ತದೆ ಎಂದ. ಈಗಿರುವ ರಬ್ಬರನ್ನು ತೋರಿಸಿದಾಗ, ಇದು ಹಳೆಯ ನೀರಿನ ಪೈಪು, ತೇಪೆ ಕೆಲಸ, ಶಾಲೆಯವರು ಒಪ್ಪುವುದಿಲ್ಲ ಎಂದ. ಅವನು ಹೋದ ಮೇಲೆ ಕಾಯ್ತಾನ್ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು. ಅವ್ವ ತಲೆಯ ಮೇಲೆ ಸೆರಗು ಹೊದ್ದುಕೊಂಡು, ಗಂಡಸರು ಕೆಲಸ ಮಾಡುವ ಅಂಗಳವನ್ನು ದಾಟಿ ನೇರವಾಗಿ ಅವರ ಮುಂದೆ ಹೋಗಿ ನಿಂತಳು. ಎರಡು ವರ್ಷದಲ್ಲಿ ಅವಳು ಆ ಅಂಗಳ ದಾಟಿದ್ದು ಅದೇ ಮೊದಲು. ನಾನು ಹಿಂದೆಯೇ ಓಡಿದೆ.

"ಹೊಸ ಪೈಪ್ ತರಿಸಿ ಕೊಡ್ರಿ. ಬಸ್ಸಿನ ರಬ್ಬರ್ ಕೆಲಸ ಪೂರಾ ನಾ ಮಾಡ್ತೇನಿ. ಶಾಳಿ ಸುರು ಆಗೂದ್ರಾಗ ಮುಗಸ್ತೇನಿ."

ಕಾಯ್ತಾನ್ ವರ್ಷಾನುಗಟ್ಟಲೆ ನಮ್ಮ ಕಡೆಯ ಕೆಲಸಗಾರರ ಜೊತೆಗಿದ್ದು ನಮ್ಮ ಮಾತು ಕಲಿತಿದ್ದರು. ನಿನಗೇನು ಬೇಕು ಎಂದು ಕೇಳಿದರು. ಅವ್ವ ಗ್ಯಾರೇಜಿನ ಪಕ್ಕದಲ್ಲಿದ್ದ, ಹಳೆಯ ಟೈರುಗಳನ್ನು ತುಂಬಿಟ್ಟಿದ್ದ ಕಲ್ಲುಗೋಡೆಯ ಹಂಚಿನ ಕೋಣೆಯನ್ನು ತೋರಿಸಿದಳು.

"ಆ ಖೋಲಿ ನಮಗ ಇರಾಕ ಕೊಡ್ರಿ. ಮತ್ತ ಈ ಬಸ್ಸಿನ್ಯಾಗ ನನ್ನ ಮಗಳೂ ಶಾಳಿಗೆ ಹೋಗಬೇಕು. ಇಷ್ಟ ನೋಡ್ರಿ."

ಶಾಲೆಯ ಮಾತನ್ನು ಅವಳು ಮನೆಯಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಕಾಯ್ತಾನ್ ಗ್ಯಾರೇಜಿನಲ್ಲಿದ್ದ ಹೊಸ ಪೈಪಿನ ಒಂದು ತುಂಡನ್ನು ತರಿಸಿ, ಒಂದು ಕಿಟಕಿ ಮಾಡಿ ತೋರಿಸು, ಎಲ್ಲರ ಎದುರಿಗೇ ಮಾಡು ಎಂದರು. ದತ್ತು ಸ್ಪಾನರ್ ಕೆಳಗಿಟ್ಟು ಬಂದು ನಿಂತ. ಅವನ ಹಿಂದೆ ಇನ್ನೂ ಐದಾರು ಜನ. ಅವ್ವ ಈಳಿಗೆ ತಂದು ಅಂಗಳದ ನಡುವೆ ಇಟ್ಟಾಗ ಯಾರೋ ಇವತ್ತು ಯಾವ ಭಾಜಿ, ಯಾವ ಪಲ್ಯ ಎಂದು ಕೇಳಿದರು, ನಗೆ ಎದ್ದಿತು. ಅವ್ವ ತಲೆ ಎತ್ತಲಿಲ್ಲ. ಜೀಪಿನ ಬಂಪರಿಗೂ ಕಂಬಕ್ಕೂ ಪೈಪನ್ನು ಬಿಗಿದು ಗೆರೆ ಹೊಡೆದಳು, ಸಾಬೂನಿನ ನೀರು ಸವರಿದಳು, ಮಣೆ ಮೆಟ್ಟಿ ಕೂತಳು. ನಾನು ಎಣ್ಣೆ ಮೆತ್ತಿದ ನೆಲದ ಮೇಲೆ ಬೋರಲಾದೆ. ಆದರೆ ಆ ತುದಿಯಲ್ಲಿ ಎಳೆಯುವವರು ಇರಲಿಲ್ಲ. ಅವ್ವ ಯಾರನ್ನೂ ಕರೆಯಲಿಲ್ಲ, ಪೈಪಿನ ಬಾಯನ್ನು ಅಲಗಿಗೆ ಇಟ್ಟು ಕಾಯುತ್ತ ಕೂತಳು. ಗುಂಪಿನ ಹಿಂದಿನಿಂದ ಅಪ್ಪ ಬಂದ. ಕೈಯಲ್ಲಿದ್ದ ಗ್ರೀಸಿನ ಅರಿವೆಯನ್ನು ದತ್ತುವಿನ ಹೆಗಲ ಮೇಲೆ ಇಟ್ಟು, ಅಂಗಿಗೆ ಕೈ ಒರೆಸಿಕೊಂಡು, ಅವ್ವನ ಎದುರಿಗೆ ಮಂಡಿಯೂರಿ ಕೂತು ತುದಿ ಹಿಡಿದ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದನ್ನು ನಾನು ನೆಲದಿಂದ ಕಂಡೆ.

"ಸಾವಕಾಶ ಎಳೀರಿ" ಎಂದಳು ಅವ್ವ. "ಗಂಗಿ, ಗೆರಿ ಮ್ಯಾಲಿನ ಕಣ್ಣ ತಗೀಬ್ಯಾಡ."

ನಾನು ರೆಪ್ಪೆ ಕೂಡ ಮುಚ್ಚಲಿಲ್ಲ. ಬಿಳಿ ಗೆರೆ ಬಂದು ಬಂದು ಅಲಗಿನ ತುದಿಯಲ್ಲಿ ಎರಡಾಗುತ್ತ ಹೋಯಿತು. ಎರಡೇ ಸಲ ಬಲಕ್ಕ ಎಂದೆ, ಒಂದು ಸಲ ಎಡಕ್ಕ. ಕೊನೆಯ ತುದಿ ಅಲಗಿನಿಂದ ಪಟ್ಟನೆ ಕಳಚಿದಾಗ ಅಪ್ಪ ಅದನ್ನು ಎತ್ತಿ ಹಿಡಿದ. ಎರಡು ಮಾರು ಉದ್ದದ ಪೈಪು, ಒಂದೇ ಸೀಳು, ಎಲ್ಲಿಯೂ ಅಂಕುಡೊಂಕಿಲ್ಲ. ಅವ್ವ ಅದನ್ನು ತಗೊಂಡು, ಹಂಡೆಯ ನೀರಿನಲ್ಲಿ ಅದ್ದಿ ತಂದು, ಬಸ್ಸಿನ ಮೊದಲ ಕಿಟಕಿಯ ರಬ್ಬರು ಕಿತ್ತು ಹೊಸದನ್ನು ಕೂರಿಸಿದಳು. ನಾಲ್ಕು ಮೂಲೆಯಲ್ಲೂ ಅದು ಚರ್ಮದ ಹಾಗೆ ಅಂಟಿಕೊಂಡಿತು. ಯಾರೂ ನಗಲಿಲ್ಲ. ದತ್ತು ಹೆಗಲ ಮೇಲಿನ ಅರಿವೆಯನ್ನು ತೆಗೆಯುವುದನ್ನೂ ಮರೆತು ಕಿಟಕಿಯ ಹತ್ತಿರ ಹೋಗಿ, ಮೂಲೆಯನ್ನು ಒತ್ತಿ ನೋಡಿ, ಕಾಯ್ತಾನ್ ಕಡೆ ತಿರುಗಿ ತಲೆಯಾಡಿಸಿದ. ಕಾಯ್ತಾನ್ ಆ ಮಧ್ಯಾಹ್ನವೇ ಟೈರುಗಳನ್ನು ಕೋಣೆಯಿಂದ ಹೊರಗೆ ಹಾಕಿಸಿದರು.

ಮುಂದಿನ ಒಂದು ತಿಂಗಳು ನಮ್ಮ ಮನೆಯೇ ಕಾರ್ಖಾನೆಯಾಯಿತು. ಅವ್ವ ಸೀಳುವುದು, ಅಪ್ಪ ಎಳೆಯುವುದು, ನಾನು ನೋಡುವುದು. ಆಯಿಗೆ ಹಂಡೆಯ ಬೆಂಕಿಯ ಜವಾಬ್ದಾರಿ. ನೀರು ಸಾಕಷ್ಟು ಕುದಿಯಲಿಲ್ಲವೆಂದು ಅವ್ವ, ಕುದಿದದ್ದು ಹೆಚ್ಚಾದರೆ ರಬ್ಬರು ಬೆಂದು ಸಾರಾಗುತ್ತದೆಂದು ಆಯಿ, ಇಬ್ಬರೂ ದಿನಕ್ಕೆ ನಾಲ್ಕು ಸಲ ಜಗಳವಾಡುತ್ತಿದ್ದರು. ನಮ್ಮ ಸುತ್ತಲೇ ಬಸ್ಸು ಬದಲಾಗುತ್ತ ಬಂತು. ಬೆಳಿಗ್ಗೆ ರೊಟ್ಟಿ ಬಡಿದ ಮುಚ್ಚಳದ ಕೆಳಗೆ ಸಂಜೆಗೆ ಎಂಜಿನ್ ಬಂದು ಕೂತಿತ್ತು. ಸೀಟುಗಳು ಬಂದ ದಿನ ನಾವು ಕೌದಿ, ಪಾತ್ರೆ, ಹಿಟ್ಟಿನ ಡಬ್ಬ ಎತ್ತಿಕೊಂಡು ಕಲ್ಲುಗೋಡೆಯ ಕೋಣೆಗೆ ಹೋದೆವು. ಅಲ್ಲಿ ರೊಟ್ಟಿ ಬಡಿದರೆ ಸದ್ದೇ ಆಗುತ್ತಿರಲಿಲ್ಲ. ಮೊದಲ ದಿನ ಆಯಿ, ರೊಟ್ಟಿ ಆದವೋ ಇಲ್ಲವೋ ಗೊತ್ತೇ ಆಗಲಿಲ್ಲವಲ್ಲ ಎಂದು ಗೊಣಗಿದಳು.

ಜೂನಿಗೆ ಮೂರು ದಿನ ಮೊದಲು ಶಾಲೆಯ ಹೆಡ್ ಬಾಯಿ ಬಸ್ಸು ನೋಡಲು ಬಂದರು. ಮರಾಠಿ ಶಾಲೆಗಳಲ್ಲಿ ಟೀಚರುಗಳನ್ನು ಬಾಯಿ ಎನ್ನುತ್ತಾರೆ. ಇವರು ಅವರಿಗೆಲ್ಲ ಹಿರಿಯರು, ತೆಳ್ಳಗಿನ, ನೆಟ್ಟಗಿನ ಹೆಂಗಸು. ಎಂಜಿನ್ ಬಗ್ಗೆ ಕಾಯ್ತಾನ್ ಹೇಳಿದ್ದನ್ನೆಲ್ಲ ಅವರು ಅರ್ಧ ಕಿವಿಯಿಂದ ಕೇಳಿದರು. ಒಳಗೆ ಹತ್ತಿ, ತಮ್ಮ ತೆಳು ವಾಯಿಲ್ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು, ಮೊದಲ ಕಿಟಕಿಯ ಅಂಚಿನ ಮೇಲೆ ಒತ್ತಿ ಎಳೆದರು. ಎಲ್ಲಿಯಾದರೂ ಚೂಪಿದ್ದರೆ ನೂಲು ಸಿಕ್ಕಿಕೊಳ್ಳಬೇಕು. ಹಾಗೆಯೇ ಒಂದೊಂದು ಕಿಟಕಿ, ಬಾಗಿಲ ಚೌಕಟ್ಟು, ಸೀಟಿನ ಬೆನ್ನಿನ ತಗಡು, ಚಕ್ರದ ಉಬ್ಬು. ನಾವು ಹೊರಗೆ ನಿಂತು ಆ ಸೆರಗು ಕಿಟಕಿಯಿಂದ ಕಿಟಕಿಗೆ ಹೋಗುವುದನ್ನು ನೋಡುತ್ತಿದ್ದೆವು. ಹಿಂದಿನ ಬಾಗಿಲ ಹತ್ತಿರ ಸೆರಗು ನಿಂತಾಗ ಅವ್ವ ನನ್ನ ಭುಜ ಹಿಡಿದದ್ದು ಬಿಗಿಯಾಯಿತು. ಬಾಯಿಯವರು ಬಗ್ಗಿ ನೋಡಿ, ಸೆರಗನ್ನು ಬಿಡಿಸದೆ ಮುಂದೆ ಎಳೆದರು. ಸಿಕ್ಕಿಕೊಂಡಿರಲಿಲ್ಲ. ಕೆಳಗಿಳಿದು ಬಂದು ಸೆರಗನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ಎಳೆಯೂ ಎದ್ದಿರಲಿಲ್ಲ. ಯಾವ ಊರಿನ ಕಾರಾಗೀರನ ಕೆಲಸ ಇದು ಎಂದು ಕೇಳಿದರು. ಕಾಯ್ತಾನ್ ಅವ್ವನ ಕಡೆ ಕೈ ತೋರಿಸಿದರು. ಬಾಯಿಯವರು ಅವ್ವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿ ಯಾವ ಇಯತ್ತೆ ಎಂದರು. ಮೂರು ಮುಗಿದಿದೆ ಎಂದು ಅಪ್ಪ ಹೇಳಿದ. ಹಾಗಾದರೆ ಸೋಮವಾರದಿಂದ ನಾಲ್ಕು ಎಂದು ಹೇಳಿ ಅವರು ಹೊರಟರು.

ಸೋಮವಾರ ಮಳೆ ಹನಿಯುತ್ತಿತ್ತು. ಹಳದಿ ಬಣ್ಣ ಬಳಿದ ನಮ್ಮ 'ಮನೆ' ಗುಡುಗುತ್ತ ಗೇಟಿನ ಹತ್ತಿರ ನಿಂತಾಗ ಆಯಿ ಅದರ ಮುಂದೆ ತೆಂಗಿನಕಾಯಿ ಒಡೆದಳು. ನಾನು ಹತ್ತಿ ಕೂತೆ. ಮುಂದಿನ ಊರುಗಳಲ್ಲಿ ಮಕ್ಕಳು ಹತ್ತುತ್ತಾ ಹೋದರು. ಎಲ್ಲರೂ ಕಿಟಕಿಯ ಮೇಲೆ ಮೊಣಕೈ ಇಟ್ಟುಕೊಂಡು ಅದಿರಿನ ಲಾರಿಗಳನ್ನು ನೋಡುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ. ಪಕ್ಕದಲ್ಲಿ ಕೂತ ಹುಡುಗಿ ಕಿಟಕಿಯ ರಬ್ಬರನ್ನು ಚಿವುಟಿ ಚಿವುಟಿ ನೋಡಿ, ಎಷ್ಟು ಮೆತ್ತಗಿದೆ ಎಂದಳು. ನನಗೆ ಮರಾಠಿ ಅರ್ಥವಾಗುತ್ತಿತ್ತು, ಮಾತಾಡಿ ರೂಢಿಯಿರಲಿಲ್ಲ. ಆದರೆ ಆ ಕ್ಷಣ ಸುಮ್ಮನಿರಲು ಆಗಲಿಲ್ಲ. ಶಬ್ದಗಳನ್ನು ಒಂದೊಂದಾಗಿ ಜೋಡಿಸಿಕೊಂಡು, ನನ್ನ ಜೀವನದ ಮೊದಲ ಮರಾಠಿ ವಾಕ್ಯ ಹೇಳಿದೆ: "ಹೇ ಮಾಝ್ಯಾ ಆಯೀನಂ ಕೆಲಂಯ." ಇದನ್ನು ನನ್ನ ತಾಯಿ ಮಾಡಿದ್ದು. ಹಿಂದಿನ ಸೀಟಿನ ಹುಡುಗರೂ ತಿರುಗಿ ನೋಡಿದರು, ಎಲ್ಲರೂ ಒಂದು ಸಲ ರಬ್ಬರನ್ನು ಮುಟ್ಟಿದರು. ಶಾಲೆ ಮುಟ್ಟುವವರೆಗೆ ನಾನು ಕತ್ತು ಬಗ್ಗಿಸಲಿಲ್ಲ.

ಸಂಜೆ ಊಟಕ್ಕೆ ಕೂತಾಗ, ಏನು ಕಲಿತು ಬಂದೆ ಎಂದು ಅಪ್ಪ ಕೇಳಿದ. ನಾನು ಬಸ್ಸಿನಲ್ಲಿ ಹೇಳಿದ ವಾಕ್ಯವನ್ನೇ ಗಟ್ಟಿಯಾಗಿ ಒಪ್ಪಿಸಿದೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನಮ್ಮ ಮನೆಯಲ್ಲಿ ಆಯಿ ಎಂದರೆ ಅಜ್ಜಿ. ನಮ್ಮ ಆಯಿ ಬಾಯಿಗೆ ಒಯ್ದ ತುತ್ತನ್ನು ಹಾಗೆಯೇ ಹಿಡಿದುಕೊಂಡು ಎಲ್ಲರನ್ನೂ ಒಮ್ಮೆ ನೋಡಿದಳು.

"ಖರೇನ ಹೇಳ್ಯಾಳ ಹುಡುಗಿ. ಈಳಿಗಿ ಒಂದ ಕಡಿ ಕೂಡಸು ಅಂದಾಕಿ ನಾನ ಅಲ್ಲೇನ?"

ನಾನು ತಿದ್ದಲು ಬಾಯಿ ತೆರೆದೆ. ಅವ್ವ ಕಣ್ಣಿನಲ್ಲೇ ಬೇಡವೆಂದಳು. ಎರಡು ವರ್ಷದಿಂದ ಅತ್ತೆಯ ಒಂದು ಮಾತಿಗೂ ಸೋಲದ ಅವ್ವ ಬಿಸಿ ರೊಟ್ಟಿಯೊಂದನ್ನು ಎತ್ತಿ ಆಯಿಯ ತಟ್ಟೆಗೆ ಹಾಕಿದಳು.

"ಹೌದ್ರಿ ಅತ್ತಿ" ಎಂದಳು. "ನೀವ ಮಾಡಿದ್ದು."

ಆಮೇಲೆ ಅವಳಿಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಆಯಿ ಗಂಭೀರವಾಗಿಯೇ ರೊಟ್ಟಿ ಮುರಿದಳು, ಎರಡು ತುತ್ತು ತಿಂದಳು, ಮೂರನೆಯದಕ್ಕೆ ಅವಳೂ ನಕ್ಕುಬಿಟ್ಟಳು.